ಕಚೇರಿಯ ಇಮೇಲ್ ಕ್ಲೌಡ್‌ಗೆ ಹೋಗುವ ಮುನ್ನ

ಪ್ರಶ್ನೆ: ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಬಿಡಿಭಾಗ ತಯಾರಿಕಾ ಘಟಕವಿದೆ. ಇಮೇಲ್ ಸರ್ವರ್ ಕಚೇರಿಯಲ್ಲೇ ಇದ್ದು, ಕರೆಂಟ್ ಹೋದಾಗಲೆಲ್ಲ ನಿಂತುಹೋಗುತ್ತದೆ. ಕ್ಲೌಡ್ ಸೇವೆಗೆ ಬದಲಾಯಿಸಿದರೆ ಹಳೆಯ ಪತ್ರಗಳು ಉಳಿಯುತ್ತವೆಯೇ? ನಡುವೆ ಬರುವ ಆರ್ಡರ್‌ಗಳು ತಪ್ಪಿಹೋಗುವುದಿಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಹಳೆಯ ಪತ್ರಗಳು ಈಗ ಎಲ್ಲಿವೆ ಎಂಬುದನ್ನು ಮೊದಲು ನೋಡಿ. ಸರ್ವರ್‌ನಲ್ಲಿರುವುದನ್ನು ಕ್ಲೌಡ್ ಸೇವೆಗಳಾದ ಗೂಗಲ್ ವರ್ಕ್‌ಸ್ಪೇಸ್ ಆಗಲಿ ಮೈಕ್ರೋಸಾಫ್ಟ್ 365 ಆಗಲಿ ಐಮ್ಯಾಪ್ (ಪತ್ರಗಳನ್ನು ಸರ್ವರ್‌ನಲ್ಲೇ ಉಳಿಸಿ ಓದುವ ವಿಧಾನ) ಮೂಲಕ ನಕಲು ಮಾಡಿಕೊಳ್ಳುತ್ತವೆ. ಆದರೆ ಲೆಕ್ಕಪತ್ರ ವಿಭಾಗದ ಔಟ್‌ಲುಕ್ ಪಾಪ್ ವಿಧಾನದಲ್ಲಿ ಪತ್ರಗಳನ್ನು ಇಳಿಸಿಕೊಂಡು ಸರ್ವರ್‌ನಿಂದ ಅಳಿಸುತ್ತಿದ್ದರೆ, ವರ್ಷಗಳ ಇನ್‌ವಾಯ್ಸ್‌ಗಳು ಆ ಒಂದು ಕಂಪ್ಯೂಟರ್‌ನ ಪಿಎಸ್‌ಟಿ (ಔಟ್‌ಲುಕ್ ಪತ್ರಗಳನ್ನು ಕೂಡಿಡುವ) ಕಡತದಲ್ಲಷ್ಟೇ ಇರುತ್ತವೆ. ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು. ಪ್ರತಿಯೊಬ್ಬರ ಕಂಪ್ಯೂಟರನ್ನೂ ತೆರೆದು ನೋಡದೆ ಈ ಕೆಲಸಕ್ಕೆ ಕೈಹಾಕಬೇಡಿ ಎಂಬುದು ನನ್ನ ಕಳಕಳಿಯ ಸಲಹೆ. ವಿಳಾಸಪಟ್ಟಿ ಮತ್ತು ಕ್ಯಾಲೆಂಡರ್ ಐಮ್ಯಾಪ್‌ನಲ್ಲಿ ಬರುವುದಿಲ್ಲ.

ಹೊಸ ಪತ್ರಗಳು ಎತ್ತ ಹೋಗಬೇಕೆಂದು ತಿಳಿಸುವುದು ನಿಮ್ಮ ಡೊಮೇನ್‌ನ (ಇಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರಿನ) ಎಂಎಕ್ಸ್ ದಾಖಲೆ. ಬದಲಾವಣೆಗೆ ಒಂದೆರಡು ದಿನ ಮುಂಚೆಯೇ ಅದರ ಟಿಟಿಎಲ್ ಅವಧಿಯನ್ನು (ಇತರ ಸರ್ವರ್‌ಗಳು ಆ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಸಮಯವನ್ನು) 300 ಸೆಕೆಂಡಿಗೆ ಇಳಿಸಿ, ಎಲ್ಲ ಖಾತೆಗಳನ್ನೂ ಹೊಸ ಸೇವೆಯಲ್ಲಿ ತೆರೆದಿಟ್ಟು, ಶನಿವಾರ ಸಂಜೆ ದಾಖಲೆ ಬದಲಿಸಿ. ಹಳೆಯ ಸರ್ವರ್ ಇನ್ನೂ ಕೆಲವು ವಾರ ಚಾಲನೆಯಲ್ಲಿರಲಿ. ತಡವಾಗಿ ಅಲ್ಲಿಗೆ ಬಂದ ಪತ್ರಗಳನ್ನು ಮತ್ತೊಮ್ಮೆ ನಕಲು ಮಾಡಿಕೊಂಡರೆ ಆರ್ಡರ್ ತಪ್ಪುವ ಭಯವಿಲ್ಲ.

ಪತ್ರ ನಿಮ್ಮ ಡೊಮೇನ್‌ನಿಂದಲೇ ಬಂದದ್ದೆಂದು ತೋರಿಸುವ ಎಸ್‌ಪಿಎಫ್ (ಪತ್ರ ಕಳಿಸಲು ಅನುಮತಿಯಿರುವ ಸರ್ವರ್‌ಗಳ ಪಟ್ಟಿ) ಮತ್ತು ಡಿಕಿಮ್ (ಡಿಜಿಟಲ್ ಸಹಿಯ) ದಾಖಲೆಗಳನ್ನೂ ಅಂದೇ ಸರಿಪಡಿಸಿ, ಏಕೆಂದರೆ 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ಪತ್ರ ಕಳಿಸುವವರೆಲ್ಲರೂ ಇವುಗಳಲ್ಲಿ ಒಂದನ್ನಾದರೂ ಹೊಂದಿರಬೇಕೆಂದು ಗೂಗಲ್ ವಿಧಿಸಿದೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಬಿಲ್ ಕಳಿಸುವ ಸಾಫ್ಟ್‌ವೇರ್ ಬೇರೆ ಇದ್ದರೆ ಅದನ್ನೂ ಅದರಲ್ಲೇ ಸೇರಿಸಿ.