ಲಸಿಕೆ ನಿರಾಕರಣೆ, ಅಮಾನತು ಮತ್ತು ನಿರುದ್ಯೋಗ ಭತ್ಯೆ

ಪ್ರಶ್ನೆ: ನಾನು ಕೆನಡಾದ ಒಂಟಾರಿಯೊದಲ್ಲಿ ಆಸ್ಪತ್ರೆಯೊಂದರ ಉದ್ಯೋಗಿಯಾಗಿದ್ದೆ. ಕೋವಿಡ್ ಲಸಿಕೆ ಹಾಕಿಸಿಕೊಳ್ಳಲು ಒಪ್ಪದ ಕಾರಣ 2021ರ ಕೊನೆಯಲ್ಲಿ ನನ್ನನ್ನು ವೇತನವಿಲ್ಲದೆ ಅಮಾನತುಗೊಳಿಸಿದರು. ಪ್ರತಿ ಸಂಬಳದ ಚೀಟಿಯಲ್ಲೂ ಉದ್ಯೋಗ ವಿಮೆಯ ಕಂತು ಕಡಿತವಾಗಿತ್ತು. ಆದರೂ ಭತ್ಯೆ ನಿರಾಕರಿಸಿದ್ದು ಸರಿಯೇ?
– ಓದುಗರೊಬ್ಬರು, ಬ್ರಾಂಪ್ಟನ್

ಉತ್ತರ: ನಿಮ್ಮ ಸಂಕಟ ಸಹಜವಾದದ್ದು, ಆದರೆ ಕಂತು ಕಟ್ಟಿದ ಮಾತ್ರಕ್ಕೆ ಭತ್ಯೆಯ ಹಕ್ಕು ಬರುವುದಿಲ್ಲ. ಅಲ್ಲಿನ ಉದ್ಯೋಗ ವಿಮಾ ಕಾಯ್ದೆಯ 31ನೇ ಕಲಮಿನಂತೆ, ದುರ್ನಡತೆಗಾಗಿ ಅಮಾನತಾದವರಿಗೆ ಆ ಅಮಾನತು ಮುಗಿಯುವವರೆಗೆ, ಇಲ್ಲವೇ ಬೇರೆ ಕಡೆ ದುಡಿದು ಅರ್ಹತೆಗೆ ಬೇಕಾದ ಗಂಟೆಗಳನ್ನು ಪೂರೈಸುವವರೆಗೆ, ಸಾಮಾನ್ಯವಾಗಿ ಭತ್ಯೆ ಸಲ್ಲುವುದಿಲ್ಲ. ಇಲ್ಲಿ ದುರ್ನಡತೆಯೆಂದರೆ ಕಳ್ಳತನವೋ ಹೊಡೆದಾಟವೋ ಆಗಬೇಕಾಗಿಲ್ಲ. ನಿಯಮ ತಿಳಿದಿದ್ದು, ಮೀರಿದರೆ ಕೆಲಸಕ್ಕೆ ಕುತ್ತು ಬರಬಹುದೆಂದು ಅರಿತೂ ಬೇಕೆಂದೇ ಪಾಲಿಸದಿದ್ದರೆ ಸಾಕು. ಪ್ರಾಮಾಣಿಕವಾಗಿ ದುಡಿದವರನ್ನು ಈ ಪದ ಚುಚ್ಚುತ್ತದೆ, ಆದರೆ ಅದು ನಿಮ್ಮ ಶೀಲದ ಮೇಲಿನ ತೀರ್ಪಲ್ಲ.

ನಿಯಮವೇ ಅನ್ಯಾಯದ್ದೆಂಬ ವಾದವೂ ಇಲ್ಲಿ ನಿಲ್ಲುವುದು ಕಷ್ಟ. ಒಂಟಾರಿಯೊದ ಆಸ್ಪತ್ರೆ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯವು 2023ರಲ್ಲಿ, ಲಸಿಕೆ ನೀತಿಯ ಯುಕ್ತಾಯುಕ್ತತೆಯನ್ನು ತೂಗುವುದು ಇಂಥ ಭತ್ಯೆಯ ಮೇಲ್ಮನವಿಗಳನ್ನು ಕೇಳುವ ಸಾಮಾಜಿಕ ಭದ್ರತಾ ನ್ಯಾಯಮಂಡಳಿಯ ಕೆಲಸವಲ್ಲವೆಂದು ಹೇಳಿತು. ಆ ಪ್ರಶ್ನೆಗೆ ಕಾರ್ಮಿಕ ಸಂಘದ ದೂರು ಅಥವಾ ಮಾನವ ಹಕ್ಕುಗಳ ಅರ್ಜಿಯ ದಾರಿ ಬೇರೆಯೇ ಇದೆ.

ಆದರೂ ದುರ್ನಡತೆಯನ್ನು ಸಾಬೀತುಪಡಿಸುವ ಹೊಣೆ ಭತ್ಯೆಯನ್ನು ನಿರ್ಧರಿಸುವ ಉದ್ಯೋಗ ವಿಮಾ ಆಯೋಗದ್ದು. ನೀತಿಯನ್ನೂ ಗಡುವನ್ನೂ ನಿಮಗೆ ಲಿಖಿತವಾಗಿ ತಿಳಿಸಿದ್ದರೇ, ವೈದ್ಯಕೀಯ ವಿನಾಯಿತಿಗೆ ನೀವು ಮನವಿ ಸಲ್ಲಿಸಿದ್ದರೆ ಅದು ಏನಾಯಿತು, ಉದ್ಯೋಗದಾತರು ಕೊಡುವ ಉದ್ಯೋಗ ದಾಖಲೆ ಪತ್ರದಲ್ಲಿ ಅಮಾನತು ಸೂಚಿಸುವ 'ಎಂ' ಸಂಕೇತವಿದೆಯೇ, ರಜೆಯ 'ಎನ್' ಇದೆಯೇ ಎಂಬುದನ್ನು ನೋಡಿ. ಆಯೋಗದ ನಿರ್ಧಾರದ ಮರುಪರಿಶೀಲನೆ ಕೋರಲು 30 ದಿನಗಳ ಅವಧಿಯಿದೆ. ಅದು ಮೀರಿದ್ದರೆ ವಿಳಂಬಕ್ಕೆ ತಕ್ಕ ಕಾರಣವನ್ನು ವಿವರಿಸಬೇಕಾಗುತ್ತದೆ.