ಡೀಸೆಲ್ ಬೋಟಿಗೆ ಬ್ಯಾಟರಿ ಹಾಕುವ ಮುಂಚೆ

ಪ್ರಶ್ನೆ: ಹೊನ್ನಾವರದ ಶರಾವತಿ ಅಳಿವೆಯಲ್ಲಿ ಪ್ರವಾಸಿಗರನ್ನು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಡೆ ಸುತ್ತಾಡಿಸುವ 28 ಅಡಿಯ ಫೈಬರ್ ಬೋಟ್ ನನ್ನದು. 24 ಎಚ್‌ಪಿ ಡೀಸೆಲ್ ಇಂಜಿನ್. ದಿನಕ್ಕೆ ಒಂದೊಂದು ಗಂಟೆಯ ಐದು ಟ್ರಿಪ್, ಸುಮಾರು 9 ಲೀಟರ್ ಡೀಸೆಲ್. ಹೊಗೆ, ಸದ್ದು ಅಂತ ಬಂದವರು ಗೊಣಗುತ್ತಾರೆ. ಎಲೆಕ್ಟ್ರಿಕ್ ಮಾಡಬಹುದಾ? 24 ಎಚ್‌ಪಿ ಮೋಟಾರೇ ಬೇಕಾ? ಚಾವಣಿಗೆ ಸೋಲಾರ್ ಹಾಕಿದರೆ ಕರೆಂಟ್ ಖರ್ಚೇ ಇಲ್ಲ ಅಂತಾರೆ, ನಿಜವಾ ಸರ್?

ಉತ್ತರ: ಧಾರಾಳವಾಗಿ ಮಾಡಬಹುದು. ನಿಧಾನ ಓಡಾಟ, ಗೊತ್ತಿರುವ ದಾರಿ, ರಾತ್ರಿ ದಡದಲ್ಲೇ ತಂಗುವುದು, ಎಲೆಕ್ಟ್ರಿಕ್‌ಗೆ ಇಂಥ ಬೋಟೇ ಸರಿ. ಕಡಲಿಗೆ ಮೀನಿಗೆ ಹೋಗುವವರು ಕೇಳಿದ್ದರೆ ಸದ್ಯಕ್ಕೆ ಬೇಡ ಅನ್ನುತ್ತಿದ್ದೆ.

ಮೊದಲು ಆ 9 ಲೀಟರ್ ಲೆಕ್ಕ ನೋಡೋಣ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಯೂನಿಟ್ ಅಂದರೆ ಕರೆಂಟ್ ಬಿಲ್ಲಿನ ಯೂನಿಟ್ಟೇ. ಅದರಲ್ಲಿ ಹೆಚ್ಚಿನದು ಬಿಸಿಯಾಗಿ ಹೋಗಿ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿಗೆ ಸಿಗುವುದು ಎರಡೂವರೆ, ಮೂರು ಯೂನಿಟ್ ಅಷ್ಟೇ. ಅಂದರೆ ನಿಮಗೆ ದಿನಕ್ಕೆ 25 ಯೂನಿಟ್, ಗಂಟೆಗೆ ಐದು, ಅಂದರೆ 5 ಕಿಲೋವ್ಯಾಟ್. 24 ಎಚ್‌ಪಿ ಅಂದರೆ 18 ಕಿಲೋವ್ಯಾಟ್, ಅದರ ಮೂರನೇ ಒಂದು ಭಾಗವನ್ನೂ ನೀವು ಬಳಸುತ್ತಿಲ್ಲ. 10 ಕಿಲೋವ್ಯಾಟ್ ಮೋಟಾರ್ ಸಾಕು. ಇಳಿತದ ಸೆಳೆತಕ್ಕೆ ಎದುರಾಗಿ, ಗಾಳಿಯೂ ಇರುವಾಗ ವಾಪಸ್ ಬರಲು ಬೇಕಾದ ಜೋರು ಅದರಲ್ಲೇ ಇರುತ್ತದೆ.

ದುಡ್ಡು ಹೋಗುವುದು ಬ್ಯಾಟರಿಗೆ. ಅದನ್ನು ತಗ್ಗಿಸಬೇಕಾದರೆ ವೇಗ ತಗ್ಗಿಸಿ. ಇಂಥ ಬೋಟಿನಲ್ಲಿ ಬೇಕಾಗುವ ಶಕ್ತಿ ಹೆಚ್ಚುಕಮ್ಮಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ, 5 ನಾಟ್ (ಗಂಟೆಗೆ ಸುಮಾರು 9 ಕಿ.ಮೀ.) ಬದಲು 4 ನಾಟ್‌ನಲ್ಲಿ ಹೋದರೆ ಅರ್ಧ ಶಕ್ತಿ ಸಾಕು. ಕಾಂಡ್ಲಾ ಬೇರಿನ ನಡುವೆ ಏಡಿ, ಬೆಳ್ಳಕ್ಕಿ ನೋಡಲು ಬಂದವರಿಗೆ ಏನು ಅವಸರ ಅಲ್ವಾ? ಈಗಿನ ವೇಗಕ್ಕೆ, ನಷ್ಟವೆಲ್ಲ ಸೇರಿಸಿ, ಬ್ಯಾಟರಿಯ ಶೇ 80 ಮಾತ್ರ ಬಳಸುವುದಾದರೆ 35 ಯೂನಿಟ್‌ನ ಬ್ಯಾಟರಿ ಬೇಕು. ನಿಧಾನ ಹೋದರೆ 20-25 ಸಾಕು.

ಲಿಥಿಯಂನಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದ್ದೇ ತಗೊಳ್ಳಿ, ಬೆಂಕಿಯ ಭಯ ಅದರಲ್ಲಿ ಕಮ್ಮಿ. ಯೂನಿಟ್‌ಗೆ 8-10 ಕೆಜಿ ತೂಗುತ್ತದೆ. ಅಗ್ಗ ಅಂತ ಇ-ರಿಕ್ಷಾದ ಲೆಡ್ ಆ್ಯಸಿಡ್ ಬ್ಯಾಟರಿ ಜೋಡಿಸಲು ಹೋಗಬೇಡಿ, ಅದರಲ್ಲಿ ಅರ್ಧ ಮಾತ್ರ ಬಳಸಬಹುದು, ಈಗಿನ ವೇಗಕ್ಕಾದರೆ ಬರೀ ಬ್ಯಾಟರಿಯೇ ಒಂದೂವರೆ ಟನ್ ಆಗಿಬಿಡುತ್ತದೆ.

ಇನ್ನೊಂದು ಮಾತನ್ನು ಮಾರುವವರು ಹೇಳುವುದು ಕಮ್ಮಿ. ಲಿಥಿಯಂ ಬ್ಯಾಟರಿಯೊಳಗೆ ಅದನ್ನು ಕಾಯುವ ಬಿಎಂಎಸ್ ಅನ್ನುವ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುತ್ತದೆ, ಏನಾದರೂ ಎಡವಟ್ಟಾದರೆ ಅದು ಥಟ್ಟನೆ ಕರೆಂಟ್ ಕಡಿಯುತ್ತದೆ. ರಸ್ತೆಯಲ್ಲಾದರೆ ಗಾಡಿ ಪಕ್ಕಕ್ಕೆ ಹಾಕಬಹುದು, ಇಳಿತದ ಹೊತ್ತಿಗೆ ಅಳಿವೆ ಬಾಯಿಯ ಹತ್ತಿರ 20 ಜನರನ್ನು ಕೂರಿಸಿಕೊಂಡಿರುವಾಗ ಹಾಗಾಗಬಾರದು. ಅದಕ್ಕೇ ಒಂದು ದೊಡ್ಡ ಬ್ಯಾಟರಿಯ ಬದಲು ಎರಡು ಬೇರೆ ಬೇರೆ ಬ್ಯಾಂಕ್ (ಬ್ಯಾಟರಿ ಗುಂಪು), ಎರಡಕ್ಕೂ ಅದರದೇ ಬಿಎಂಎಸ್, ಅದರದೇ ಫ್ಯೂಸ್ ಇರಲಿ. ಇದರಲ್ಲಿ ದುಡ್ಡು ಉಳಿಸಬೇಡಿ. ಲಂಗರು, ಹುಟ್ಟು ಈಗಿನ ಹಾಗೇ ಬೋಟಲ್ಲಿರಲಿ.

ವೈರಿಂಗ್‌ನಲ್ಲೂ ಅಷ್ಟೇ. 48 ವೋಲ್ಟ್‌ನಲ್ಲಿ 10 ಕಿಲೋವ್ಯಾಟ್ ಅಂದರೆ 200 ಆಂಪಿಯರ್‌ಗಿಂತ ಜಾಸ್ತಿ. ಕೇಬಲ್ ತುದಿಗೆ ಹಾಕುವ ಲೋಹದ ಲಗ್ ಒಂದು ಸಡಿಲ ಇದ್ದರೂ ಮೊದಲು ಬಿಸಿ, ಆಮೇಲೆ ಸುಟ್ಟ ವಾಸನೆ. ಉಪ್ಪುಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ, ಅದೂ ಇನ್ಸುಲೇಶನ್ ಒಳಗೇ, ಹೊರಗಿಂದ ಕಾಣಿಸುವುದೇ ಇಲ್ಲ. ತವರ ಲೇಪಿಸಿದ ಕೇಬಲ್ಲನ್ನೇ ಹಾಕಿಸಿ, ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ ಒತ್ತಿಸಿ.

ಸೋಲಾರ್ ಬಗ್ಗೆ: ನಿಮ್ಮ ಚಾವಣಿಗೆ ಹೆಚ್ಚೆಂದರೆ ಎರಡೂವರೆ ಕಿಲೋವ್ಯಾಟ್ ಪ್ಯಾನೆಲ್ ಹಿಡಿಸುತ್ತದೆ, ಒಳ್ಳೆ ಬಿಸಿಲಿಗೆ ದಿನಕ್ಕೆ 10 ಯೂನಿಟ್. ಸಹಾಯವಾಗುತ್ತದೆ, ಅದೊಂದನ್ನೇ ನಂಬುವಂತಿಲ್ಲ. ಕೇರಳದ ವೈಕಂನಲ್ಲಿ 2017ರಿಂದ ‘ಆದಿತ್ಯ’ ಸೋಲಾರ್ ದೋಣಿ 75 ಜನರನ್ನು ದಾಟಿಸುತ್ತಿದೆಯಲ್ಲ ಅಂತೀರಿ. ಅದು ಎರಡು ಒಡಲಿನ ಅಗಲದ ದೋಣಿ, ಮೊದಲಿಂದಲೇ ಸೋಲಾರ್‌ಗೆ ಅಂತಲೇ ಕಟ್ಟಿದ್ದು. ನಿಮ್ಮದು ಒಂದೇ ಒಡಲಿನದು. ಫೋಟೋ ತೆಗೆಯಲು ಎಲ್ಲರೂ ಒಂದೇ ಬದಿಗೆ ನುಗ್ಗಿದಾಗ ತಲೆ ಮೇಲೆ ನೂರಕ್ಕೂ ಜಾಸ್ತಿ ಕೆಜಿ ಇದ್ದರೆ ಬೋಟು ಎಷ್ಟು ವಾಲುತ್ತದೆ ಅನ್ನುವುದನ್ನು ತಿಳಿದವರಿಂದ ಲೆಕ್ಕ ಹಾಕಿಸಿಯೇ ಮುಂದುವರಿಯಿರಿ. ರಾತ್ರಿ ದಡದ 15 ಆಂಪಿಯರ್ ಪ್ಲಗ್‌ನಲ್ಲಿ ಹತ್ತು ಗಂಟೆ ಹಾಕಿದರೆ 30 ಯೂನಿಟ್ ತುಂಬುತ್ತದೆ, ನನ್ನ ಮತ ಅದಕ್ಕೇ.

ಇಂಜಿನ್ ಬಿಚ್ಚುವ ಮುಂಚೆ ಬಂದರು ಕಚೇರಿಗೆ ಹೋಗಿ ಮಾತಾಡಿ. ಇಂಜಿನ್ ಬದಲಾದರೆ ನೋಂದಣಿ, ಸರ್ವೆ, ವಿಮೆ ಎಲ್ಲದರಲ್ಲೂ ಅದು ಬರಬೇಕು. ಮಳೆಗಾಲದಲ್ಲಿ ಬೋಟು ದಡಕ್ಕೆ ಎಳೆದಿಟ್ಟಾಗ ಬ್ಯಾಟರಿಯನ್ನು ಪೂರ್ತಿ ತುಂಬಿಸಿಡಬೇಡಿ, ಅರ್ಧಕ್ಕೆ ಇಳಿಸಿ, ಮೇನ್ ಸ್ವಿಚ್ ಆಫ್ ಮಾಡಿ, ತಿಂಗಳಿಗೊಮ್ಮೆ ನೋಡುತ್ತಿರಿ.