ಮಂಗಳೂರಿನಲ್ಲಿ ಮನೆಯ ಮೀನಿನ ಟ್ಯಾಂಕ್‌ಗೆ ವಾಟರ್ ಕಂಡಿಷನರ್ ಬೇಕಾ?

ವಾಟರ್ ಕಂಡಿಷನರ್ ಅಂದರೆ ನೀರಿನಲ್ಲಿರುವ ಕ್ಲೋರಿನ್ ತೆಗೆಯುವ ಔಷಧಿ. ಮೊದಲು ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ ನೋಡಿ. ಬಾವಿ ನೀರಾದರೆ ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಬ್ಲೀಚಿಂಗ್ ಪೌಡರ್ ಹಾಕದ ಬಾವಿಯಲ್ಲಿ ಕ್ಲೋರಿನ್ ಇರುವುದಿಲ್ಲ, ಕಂಡಿಷನರ್‌ಗೆ ಅಲ್ಲಿ ಕೆಲಸವೇ ಇಲ್ಲ. ನಮ್ಮ ಕೆಂಪುಕಲ್ಲಿನ ನೆಲದ ಬಾವಿಗಳಲ್ಲಿ ತೊಂದರೆ ಬೇರೆ. ನೀರಿನ ಪಿಎಚ್ ಸಾಮಾನ್ಯವಾಗಿ ಕಮ್ಮಿ, ಅಂದರೆ ನೀರು ಸ್ವಲ್ಪ ಆಮ್ಲೀಯ; ಸುಣ್ಣದ ಅಂಶವೂ ಕಮ್ಮಿ. ಗಪ್ಪಿ, ಮೋಲಿ ಮೀನುಗಳಿಗೆ ಅದು ಹಿಡಿಸುವುದಿಲ್ಲ. ಮರುವಾಯಿ ಚಿಪ್ಪು ಇರುತ್ತದಲ್ವಾ, ಅದನ್ನು ಚೆನ್ನಾಗಿ ತಿಕ್ಕಿ ತೊಳೆದು, ಕುದಿಸಿ, ಒಂದು ಹಿಡಿಯಷ್ಟು ಫಿಲ್ಟರ್‌ನಲ್ಲಿ ಇಡಿ. ನಿಧಾನವಾಗಿ ಸರಿಹೋಗುತ್ತದೆ.

ತುಂಬೆ ಡ್ಯಾಮಿನಿಂದ ಬರುವ ನಳ್ಳಿ ನೀರಾದರೆ ಎಚ್ಚರ ಬೇಕು. ಅದಕ್ಕೆ ಹಾಕಿರುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಫಿಲ್ಟರ್ ಸ್ಪಂಜಿನಲ್ಲಿ ಬೆಳೆದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಕೆಟ್‌ನಲ್ಲಿ ನೀರು ತುಂಬಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಏರ್ ಪಂಪ್ ಹಾಕಿದರೆ ಇನ್ನೂ ಬೇಗ. ಅಷ್ಟು ಪುರುಸೊತ್ತು ಇದ್ದರೆ ಕಂಡಿಷನರ್ ಬಾಟಲಿ ಬೇಕಾಗಿಲ್ಲ.

ಆದರೂ ಒಂದು ಸಣ್ಣ ಬಾಟಲಿ ಮನೆಯಲ್ಲಿರಲಿ ಎನ್ನುತ್ತೇನೆ. ಟ್ಯಾಂಕ್ ಸೋರಿದಾಗ, ತುರ್ತಾಗಿ ಅರ್ಧ ನೀರು ಬದಲಿಸಬೇಕಾದಾಗ ಕೆಲವೇ ನಿಮಿಷದಲ್ಲಿ ಮೀನಿನ ಜೀವ ಉಳಿಸುವುದು ಅದೇ. ಅದರಲ್ಲಿರುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್. ಅಕ್ವೇರಿಯಂ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಹರಳು ಅಂತ ಅಗ್ಗಕ್ಕೆ ಸಿಗುವುದೂ ಸಾಮಾನ್ಯವಾಗಿ ಇದೇ. ಮೀನಿನ ಗಲೀಜಿನಿಂದ ಆಗುವ ಅಮೋನಿಯಾ ಮಾತ್ರ ಇದರಿಂದ ಹೋಗುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಲೇಬೇಕು.